ಬಾಗಿಲಲ್ಲಿ ಹಿಡಿಸದ ಯಂತ್ರ

ನಮ್ಮಕ್ಕ ಮೂಳೆ ಸವೆತದ ಬಗ್ಗೆ ಸಂಶೋಧನೆ ಮಾಡಲು ನಗರದ ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯ ಸೇರಿದ್ದಳು. ಅದೆಷ್ಟು ದೊಡ್ಡದೆಂದರೆ ಒಂದು ವಿಭಾಗದಿಂದ ಇನ್ನೊಂದಕ್ಕೆ ಬಸ್ಸಿನಲ್ಲೇ ಹೋಗಬೇಕು. ಅವಳು ಕಾದು ಕಾದು ತರಿಸಿಕೊಂಡ ಸೂಕ್ಷ್ಮದರ್ಶಕ ಬೀರುವಿನಷ್ಟು ದಪ್ಪವಿತ್ತು. ಪ್ರಯೋಗಾಲಯದ ಬಾಗಿಲಲ್ಲಿ ಅದು ಹಿಡಿಸದೆ ಕಾರಿಡಾರಿನಲ್ಲೇ ಉಳಿಯಿತು.

ಗೋಡೆ ಒಡೆಸಬೇಕಿತ್ತು. ಕಟ್ಟಡದ ಎಂಜಿನಿಯರು, "ಈ ಗೋಡೆ ಪಕ್ಕದ ರಸಾಯನಶಾಸ್ತ್ರದೋರದ್ದೂ ಹೌದು, ಅವರನ್ನ ಕೇಳಿ" ಎಂದರು. ರಸಾಯನಶಾಸ್ತ್ರದ ಮುಖ್ಯಸ್ಥರು, "ನಂದೇನೂ ಅಡ್ಡಿ ಇಲ್ಲಮ್ಮ, ಆದ್ರೆ ಎಂಜಿನಿಯರೇ ಬಂದು ಕೇಳ್ಲಿ" ಎಂದರು. ಇಬ್ಬರ ನಡುವೆ ಓಡಾಡಿ ಅಕ್ಕನ ಚಪ್ಪಲಿ ಸವೆಯಿತು. ಯಂತ್ರದ ಪೆಟ್ಟಿಗೆಯ ಮೇಲೆ ವಿದ್ಯಾರ್ಥಿಗಳು ಊಟದ ಡಬ್ಬಿ ಇಡತೊಡಗಿದರು.

ಆ ವರ್ಷ ವಿಶ್ವವಿದ್ಯಾಲಯದ ಪರಿಚಯ ಪುಸ್ತಿಕೆಯಲ್ಲಿ ಆ ಯಂತ್ರದ ಚಿತ್ರವೇ ಅಚ್ಚಾಯಿತು. ಅಮ್ಮ ಅದನ್ನು ನೋಡಿ, "ಇಷ್ಟೆಲ್ಲಾ ಕೊಟ್ಟಿದಾರಲ್ಲೇ, ಮತ್ತೇನು ನಿನ್ನ ಗೋಳು?" ಎಂದಳು.

"ದೇವರು ವರ ಕೊಟ್ರೂ ಪೂಜಾರಿ ಕೊಡ್ಲಿಲ್ಲಮ್ಮ" ಎಂದಳು ಅಕ್ಕ.

ಕೊನೆಗೆ ಅವಳು ಊರಾಚೆಯ ಆಸ್ಪತ್ರೆಯವರನ್ನು ಕಾಡಿ ಬೇಡಿ, ಅವರ ಯಂತ್ರದಲ್ಲೇ ಕೆಲಸ ಮುಗಿಸಿದಳು. ಪದವಿ ಬಂದ ದಿನ ನಾವೆಲ್ಲ ಹಿಗ್ಗಿದರೂ ಅವಳು ಮಾತ್ರ ಮುಖ ಊದಿಸಿಕೊಂಡೇ ಇದ್ದಳು.

"ಯಾವಾಗ್ಲೋ ಮುಗೀಬೇಕಿತ್ತು ಕಣೋ," ಎಂದಳು ನನಗೆ, "ನನ್ನ ಅರ್ಧ ಓದು ಆ ಗೋಡೆ ಮುಂದೇನೇ ಕಳೀತು."