ಎಣ್ಣೆ ಹಚ್ಚಿದ ತಲೆ

ಮಗಳ ತಲೆಗೆ ವೈರು ಅಂಟಿಸಿ ಮೆದುಳಿನ ಅಲೆಗಳನ್ನು ನೋಡುವ ಪರೀಕ್ಷೆ ಅಂದು ಬೆಳಿಗ್ಗೆ ಇತ್ತು. ದಟ್ಟಗಳ್ಳಿಯಿಂದ ಆಟೊ ಹಿಡಿದು ಆಸ್ಪತ್ರೆಗೆ ಹೋದರೆ, ಪರೀಕ್ಷೆ ಮಾಡುವಾಕೆ ಅವಳ ಕೂದಲು ಮುಟ್ಟಿ ಕೈ ಒರೆಸಿಕೊಂಡರು. ‘ಇಷ್ಟು ಎಣ್ಣೆ ಇದ್ರೆ ವೈರು ನಿಲ್ಲಲ್ಲಮ್ಮ. ತೊಳೆದು ನಾಳೆ ಬನ್ನಿ.’

ನಾನು ಜೊತೆಗೆ ಬಂದಿದ್ದ ಅತ್ತೆಯ ಕಡೆ ತಿರುಗಿದೆ. ‘ಎಣ್ಣೆ ಹಚ್ಚಬೇಡಿ ಅಂತ ಚೀಟಿಯಲ್ಲೇ ಬರೆದಿತ್ತಲ್ಲ!’

‘ಕೆದರಿದ ತಲೇಲಿ ಎಣ್ಮಗೂನ ನಾಕು ಜನದ ಮುಂದೆ ಎಂಗೆ ಕರ್ಕೊಂಡ್ ಬರೋದು ಕಣಮ್ಮ?’

ಮೈಯೆಲ್ಲ ಉರಿಯಿತು. ದಾರಿಯುದ್ದಕ್ಕೂ ಬೈದೆ. ನನ್ನ ಬಾಯಿಗೆ ಮನೆಯಲ್ಲಿ ಎದುರಿಲ್ಲ.

ಒಂಬತ್ತು ವರ್ಷದ ಮಗಳಿಗೆ ಹುಟ್ಟಿನಿಂದಲೇ ಒಂದು ಜೀನ್‌ನಲ್ಲಿ ದೋಷ. ಮೆದುಳಿನೊಳಗೆ ‘ನಡಿ’ ಅನ್ನುವ ಸಂಕೇತವೂ ‘ನಿಲ್ಲು’ ಅನ್ನುವ ಸಂಕೇತವೂ ಸಮತೂಕದಲ್ಲಿರಬೇಕು, ಇವಳಲ್ಲಿ ‘ನಿಲ್ಲು’ ಸೋಲುತ್ತದೆ ಎಂದು ಡಾಕ್ಟರು ಹೇಳಿದ್ದರು. ಅದಕ್ಕೇ ಫಿಟ್ಸು, ಅದಕ್ಕೇ ಸಣ್ಣ ಸದ್ದಿಗೂ ಚೀರಾಟ. ಮಾತು ಬಂದಿಲ್ಲ. ಅಲೆಗಳು ಶಾಂತವಾಗಿದ್ದರೆ, ಅವಳನ್ನು ದಿನವಿಡೀ ತೂಕಡಿಸುವ ಹಾಗೆ ಮಾಡಿದ್ದ ಮಾತ್ರೆಯನ್ನು ಕಡಿಮೆ ಮಾಡಬಹುದಿತ್ತು. ಅದಕ್ಕೆ ಮೊದಲು ಈಗ ತಲೆಸ್ನಾನ. ಅಂದರೆ ಮೂವರು ಸೇರಿ ಹಿಡಿದು, ಒಬ್ಬರಾದರೂ ಕಚ್ಚಿಸಿಕೊಳ್ಳುವ ಕೆಲಸ.

ಮರುದಿನ ಅತ್ತೆ, ‘ತಪ್ಪು ನಂದು, ನಾನೇ ತೊಳೀತೀನಿ. ಯಾರೂ ಹಿಡೀಬೇಡಿ’ ಎಂದು ಸೀಗೆಪುಡಿ ಕಲಸಿಕೊಂಡು ಬಚ್ಚಲಲ್ಲಿ ಕೂತರು. ಒಂದು ಚೊಂಬು ನೀರು ಹೊಯ್ದರು. ಮಗಳು ಚೀರಲಿಲ್ಲ. ಅಂಗೈ ಎತ್ತಿ ಅಜ್ಜಿಯ ಮುಖಕ್ಕೆ ಹಿಡಿದಳು. ಎರಡು ವರ್ಷದಿಂದ ಥೆರಪಿಯಲ್ಲಿ ಕಲಿಸುತ್ತಿದ್ದ ‘ಸಾಕು’ ಅದು. ಒಂದು ದಿನವೂ ಮಾಡಿದವಳಲ್ಲ.

‘ಸಾಕಾ ಕಂದ? ಆಯ್ತು, ನಿಲ್ಸ್‌ಬುಟ್ಟೆ ಕಣವ್ವ.’

ಅತ್ತೆ ಚೊಂಬು ಕೆಳಗಿಟ್ಟರು. ಸ್ವಲ್ಪ ಹೊತ್ತಿಗೆ ಮಗಳ ಕೈ ತಾನಾಗಿ ಇಳಿಯಿತು. ಮತ್ತೊಂದು ಚೊಂಬು, ಮತ್ತೆ ಅಂಗೈ. ಹೀಗೇ ಒಂದು ಗಂಟೆ. ಬಾಗಿಲಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡೆ. ಇಷ್ಟು ವರ್ಷ ‘ಸಾಕು’ ಅನ್ನುವುದಕ್ಕೆ ಅವಳ ಕೈಯನ್ನು ನಾವು ಬಿಟ್ಟಿದ್ದೇ ಇಲ್ಲ.

ಆಸ್ಪತ್ರೆಯಲ್ಲೂ ಒಂದೊಂದು ವೈರಿಗೂ ಅಂಗೈ ಎತ್ತಿದಳು. ಪರೀಕ್ಷೆ ಮಾಡುವಾಕೆಯೂ ಪುಣ್ಯಾತ್ಗಿತ್ತಿ, ಪ್ರತಿ ಸಲ ಕಾದರು. ಕೊನೆಯ ವೈರೂ ಅಂಟಿತು. ಗೆದ್ದೆವು ಅನ್ನಿಸಿತು ನನಗೆ, ಫಲಿತಾಂಶ ಏನೇ ಬರಲಿ.

ಅದೂ ಒಳ್ಳೆಯದೇ ಬಂತು. ವಾರದ ಮೇಲೆ ಡಾಕ್ಟರು, ‘ಮೊದಲಿಗಿಂತ ಎಷ್ಟೋ ಶಾಂತವಾಗಿದೆ. ಮಾತ್ರೆ ನಿಧಾನವಾಗಿ ಇಳಿಸೋಣ’ ಅಂದರು.

ವಾಪಸು ಬರುವಾಗ ಆಟೊದಲ್ಲಿ ನಾನು ಸುಮ್ಮನಿರಲಾರದೆ ಶುರು ಮಾಡಿದೆ: ‘ಎಲ್ಲ ಸರಿ ಅತ್ತೆ, ಆದ್ರೂ ಅವತ್ತು ಆ ಎಣ್ಣೆ ಹಚ್ಚದೇ ಇದ್ದಿದ್ರೆ…’

ನಡುವೆ ಕೂತಿದ್ದ ಮಗಳು ಅಂಗೈ ಎತ್ತಿ ನನ್ನ ಮೂಗಿನ ಮುಂದೆ ಹಿಡಿದಳು.

ನಮ್ಮ ಮನೆಯಲ್ಲಿ ನನ್ನ ಬಾಯಿ ಮುಚ್ಚಿಸಿದವರು ಅದುವರೆಗೆ ಯಾರೂ ಇರಲಿಲ್ಲ. ಮುಚ್ಚಿದೆ. ಮನೆ ಮುಟ್ಟುವವರೆಗೂ ತೆರೆಯಲಿಲ್ಲ.