ಮುನ್ನೂರು ಸೆಂಟಿಮೀಟರ್ ಸಿನಿಮಾ

ಇಳಕಲ್ಲಿನ ಒಂದು ಹೆಣ್ಣುಮಕ್ಕಳ ಹೈಸ್ಕೂಲಿಗೆ ಗುರುಸಿದ್ದವ್ವ ಹೊಲಿಗೆ ಕಲಿಸಲು ಸೇರಿದ್ದು ೧೯೭೮ರಲ್ಲಿ. ಸೇರಿದ ಮೊದಲ ವಾರವೇ ಗಣಿತದ ಮಾಸ್ತರರು ಅವಳ ಕೋಣೆಯ ಬಾಗಿಲಲ್ಲಿ ನಿಂತು, "ಅಕ್ಕಾರ, ಇವತ್ತೊಂದ ದಿನ ನಿಮ್ಮ ಪೀರಿಯಡ್ ಕೊಡ್ರಿ, ಪಾಠ ಉಳದಾವ" ಎಂದಿದ್ದರು. ಕೊಟ್ಟಳು. ಆ ಮಾಸ್ತರರು ನಿವೃತ್ತರಾಗಿ ಬೇರೊಬ್ಬರು ಬಂದರು. ಅವರೂ ಅದೇ ಬಾಗಿಲಲ್ಲಿ ನಿಂತು ಅದೇ ಮಾತು ಹೇಳಿದರು. ಹೊಲಿಗೆ ಪರೀಕ್ಷೆಯ ವಿಷಯವಲ್ಲ. ಹುಡುಗಿಯರು ಅರ್ಧ ಹೊಲಿದ ಜಂಪರುಗಳನ್ನು ಮಡಚಿಟ್ಟು ಲೆಕ್ಕ ಮಾಡಲು ಹೋಗುವುದು ರೂಢಿಯಾಯಿತು. ವರ್ಷದ ಕೊನೆಗೆ ತೋಳಿಲ್ಲದ ಜಂಪರುಗಳ ರಾಶಿ ಅವಳ ಕಪಾಟಿನಲ್ಲಿ ಉಳಿಯುತ್ತಿತ್ತು.

೨೦೦೪ರ ನವೆಂಬರಿನಲ್ಲಿ ಬಾಗಲಕೋಟೆಯ ಒಂದು ಮಕ್ಕಳ ಸಂಘದಿಂದ ಪತ್ರ ಬಂತು. ಹೈಸ್ಕೂಲು ಮಕ್ಕಳಿಗೆ ಕಿರುಚಿತ್ರ ಸ್ಪರ್ಧೆ. ಚಿತ್ರ ಐದು ನಿಮಿಷ ಮೀರಬಾರದು. ಮಕ್ಕಳೇ ತೆಗೆಯಬೇಕು. ನಡುನಡುವೆ ಕ್ಯಾಮೆರಾ ನಿಲ್ಲಿಸಬಹುದು, ಆದರೆ ಆಮೇಲೆ ಕತ್ತರಿಸಿ ಜೋಡಿಸುವಂತಿಲ್ಲ, ಅಳಿಸಿ ಮತ್ತೆ ತೆಗೆಯುವಂತಿಲ್ಲ. ಮೊದಲಿನಿಂದ ಕೊನೆಯವರೆಗೆ ತೆಗೆದದ್ದನ್ನು ತೆಗೆದ ಹಾಗೆಯೇ ಕಳಿಸಬೇಕು. ಮಾಡಿಸಲು ಯಾರಿಗೂ ಬಿಡುವಿರಲಿಲ್ಲ: ವಿಜ್ಞಾನದ ಮಾಸ್ತರರಿಗೆ ಪ್ರಯೋಗಗಳಿದ್ದವು, ಕನ್ನಡದವರಿಗೆ ಮಗಳ ನಿಶ್ಚಯವಿತ್ತು.

"ಹೊಲಿಗಿ ಅಕ್ಕಾರಿಗೆ ಕೊಡ್ರಿ. ಅವ್ರಿಗೇನ್ ಅಂಥಾ ಕೆಲಸ ಇರ್ತೈತಿ?" ಎಂದರು ಹೆಡ್‌ಮಾಸ್ತರರು.

ಗುರುಸಿದ್ದವ್ವ ಅಲ್ಲಿಯವರೆಗೆ ಕ್ಯಾಮೆರಾ ಮುಟ್ಟಿದವಳಲ್ಲ. ಆದರೆ ಒಮ್ಮೆ ಕತ್ತರಿ ಬಿದ್ದ ಬಟ್ಟೆ ಮತ್ತೆ ಇಡಿಯಾಗುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಪತ್ರವನ್ನು ಎರಡು ಸಲ ಓದಿ, ಅಳತೆಯ ಟೇಪು ಎರಡನ್ನು ತಂದು ನೆಲದ ಮೇಲೆ ಒಂದರ ಮುಂದೊಂದು ಹಾಸಿದಳು. ಒಂದು ಟೇಪಿಗೆ ನೂರೈವತ್ತು ಸೆಂಟಿಮೀಟರ್. ಎರಡಕ್ಕೆ ಮುನ್ನೂರು. ಐದು ನಿಮಿಷಕ್ಕೂ ಸೆಕೆಂಡು ಮುನ್ನೂರೇ.

"ಒಂದು ಸೆಕೆಂಡಿಗೆ ಒಂದು ಸೆಂಟಿಮೀಟರ್. ಇದು ನಮ್ಮ ಬಟ್ಟಿ. ಎಲ್ಲಿ ಏನ್ ಬರ್ತೈತಿ, ಚಾಕಪೀಸ್‌ಲೆ ಗುರ್ತ ಹಾಕ್ರಿ" ಎಂದಳು.

ಹುಡುಗಿಯರು ಇಬ್ಬರು: ಒಂಬತ್ತನೆಯ ಇಯತ್ತೆಯ ಸುಮಾ ಮತ್ತು ಅಮೀನಬಿ. ಸುಮಾಳ ಅಜ್ಜಿ ಬಾಳವ್ವ ಮಗ್ಗದ ಮನೆಗಳಲ್ಲಿ ಕೆಚ್ಚುವ ಕೆಲಸದವಳು; ಅಂದರೆ ಮಗ್ಗದ ಹಳೆಯ ಹಾಸಿನ ಎಳೆಗಳಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಬೆರಳಲ್ಲೇ ಹೊಸೆದು ಕೂಡಿಸುವವಳು. ಸಾವಿರಾರು ಎಳೆ. ಆ ಕೆಲಸವನ್ನೇ ತೆಗೆಯಬೇಕೆಂದು ಸುಮಾ ಹೇಳಿದಳು. ಅಮೀನಬಿಯ ಅಪ್ಪ ಯಾಕೂಬಸಾಬ ಮದುವೆಗಳ ವಿಡಿಯೊ ತೆಗೆಯುವವನು; ಕ್ಯಾಮೆರಾ ಅವನದು. ಮೂರು ದಿನ ಕೂತು ಎರಡು ಟೇಪಿನ ಗುಂಟ ಚಿತ್ರ ಬರೆದರು. ಕೊನೆಯ ಹನ್ನೆರಡು ಸೆಂಟಿಮೀಟರನ್ನು ಹುಡುಗಿಯರು ಹಟ ಹಿಡಿದು ಹೊಲಿಗೆ ಕೋಣೆಗೆ ಇಟ್ಟರು: ಅಕ್ಕಾರು ಸೀರೆಗೆ ಫಾಲ್ ಹಚ್ಚುವುದನ್ನು ಕಲಿಸುತ್ತಿರುವುದು. ಗುರುಸಿದ್ದವ್ವ ಬೇಡವೆಂದಳು, ಆದರೆ ಗುರುತನ್ನು ಅಳಿಸಲಿಲ್ಲ.

ನಾಲ್ಕನೆಯ ದಿನ ಹೆಡ್‌ಮಾಸ್ತರರು ಒಂದು ಚೀಟಿ ಕೊಟ್ಟರು. ಚಿತ್ರದ ಆರಂಭಕ್ಕೆ ಸ್ವಾಗತ, ದೀಪ ಬೆಳಗುವುದು, ಸಾಲಿಯ ಅಧ್ಯಕ್ಷರಿಗೆ ಹಾರ, ಅಧ್ಯಕ್ಷರಿಂದ ಎರಡು ಮಾತು, ಕೊನೆಗೆ ವಂದನಾರ್ಪಣೆ.

"ಅಧ್ಯಕ್ಷರ ಮಾತಿಲ್ದ ನಾ ಸ್ಪರ್ಧೆಯ ಫಾರ್ಮಿಗೆ ಸಹಿ ಹಾಕಾಂವಲ್ಲ" ಎಂದರು.

ಗುರುಸಿದ್ದವ್ವ ಚೀಟಿಯನ್ನು ಟೇಪಿನ ಮೇಲೆ ಇಳಿಸಿ ನೋಡಿದಳು. ಎಲ್ಲಾ ಸೇರಿ ಇನ್ನೂರಾ ಮೂವತ್ತು. ಬಾಳವ್ವನಿಗೂ ಮಗ್ಗಕ್ಕೂ ಸೀರೆಗೂ ಸೇರಿ ಎಪ್ಪತ್ತು ಉಳಿಯಿತು. ಸುಮಾ ಚಾಕಪೀಸು ತಗೊಂಡು ತಮ್ಮ ಗುರುತುಗಳನ್ನು ಒತ್ತೊತ್ತಾಗಿ ಹಾಕತೊಡಗಿದಳು, ಹೇಗಾದರೂ ಹಿಡಿಸೀತೇನೋ ಎಂದು. ಅದನ್ನು ನೋಡಿ ಗುರುಸಿದ್ದವ್ವ ಟೇಪುಗಳನ್ನು ಸುತ್ತಿ ಚೀಲಕ್ಕೆ ಹಾಕಿಕೊಂಡಳು. "ಏಳ್ರಿ, ಪ್ಯಾಟಿಗೆ ಹೋಗೂಣು."

ಅಧ್ಯಕ್ಷ ನೀಲಪ್ಪನದು ಸೀರೆ ಅಂಗಡಿ. ಅವನು ಬಿಳಿ ಗಾದಿಯ ಮೇಲೆ ಕೂತಿದ್ದ. ಅವಳು ಟೇಪು ತೆಗೆದದ್ದು ನೋಡಿ ನಕ್ಕ.

"ಏನ್ರಿ ಅಕ್ಕಾರ, ನನ್ನ ಅಳತಿ ತಗೋಳಾಕ ಬಂದೀರೇನು?"

"ಹೌದ್ರಿ. ನಿಮ್ಮ ಅಳತಿನ."

ಬಾಳವ್ವನ ಕೆಲಸದ ಚಿತ್ರ, ಸೆಕೆಂಡಿಗೊಂದು ಸೆಂಟಿಮೀಟರ್ ಎಂದು ತಿಳಿಸಿ, ಗಾದಿಯ ಉದ್ದಕ್ಕೂ ಟೇಪು ಹಾಸಿ, ಚೀಟಿ ಓದುತ್ತ ಒಂದೊಂದಕ್ಕೂ ಒಂದೊಂದು ಸೀರೆ ಪೆಟ್ಟಿಗೆಯನ್ನು ಗುರುತಿಗೆ ಇಟ್ಟಳು. ನೀಲಪ್ಪ ಬಗ್ಗಿ ನೋಡಿದ.

"ನನಗ ನೂರಾ ಇಪ್ಪತ್ತು. ಮತ್ತ ಆ ಮುದುಕಿಗೆ?"

"ಈ ಉಳದ ಎಪ್ಪತ್ತರಾಗ ಆಕಿಗೆ ಪಾಲು. ಆಕಿ ಕುಂತು ಎಳಿ ಕಣ್ಣ ಹತ್ರ ತರೂದ್ರಾಗ ಮುಗೀತೈತ್ರಿ" ಎಂದಳು ಸುಮಾ, ನೆಲ ನೋಡುತ್ತ.

"ನೀವು ಸೀರಿ ವ್ಯಾಪಾರದವ್ರು" ಎಂದಳು ಗುರುಸಿದ್ದವ್ವ. "ಒಡಲಿಗಿಂತ ಸೆರಗಽ ಉದ್ದ ಇದ್ರ ಆ ಸೀರಿ ಅಂಗಡ್ಯಾಗ ಇಡ್ತೀರೇನ್ರಿ? ಭಾಷಣ ಬೇಕಂತ ನೀವಽ ಕೇಳೀರೇನು?"

"ಕೇಳಿಲ್ಲ. ಆದ್ರ ಕೊಟ್ಟಾಗ ಬ್ಯಾಡ ಅಂತೂ ಅನ್ನಂಗಿಲ್ಲ."

"ಇಪ್ಪತ್ತಾರು ವರ್ಷದಿಂದ ಕೇಳಿದವ್ರಿಗೆಲ್ಲಾ ಪೀರಿಯಡ್ ಕೊಟಗೋತ ಬಂದೇನ್ರಿ. ಈ ಐದು ನಿಮಿಷ ಮಕ್ಕಳದು. ಇದನ್ನ ನಾ ಕೊಡೂದಿಲ್ಲ. ಸಹಿ ಆಗಲಿಲ್ಲಂದ್ರ ಚಿತ್ರಾ ಹೋಗೂದಿಲ್ಲ, ಅಷ್ಟ."

ನೀಲಪ್ಪ ಟೇಪನ್ನು ಮೊಳಕೈಯಿಂದ ಅಳೆದು ನೋಡಿದ. ವ್ಯಾಪಾರದ ಚಾಳಿ ಬಿಡಲಿಲ್ಲ.

"ಒಂದು ಮೊಳ ಇರಲಿ ನನಗ."

"ನಾಕು ಸೆಂಟಿಮೀಟರ್."

"ನಾಕರಾಗ ಮಾರೀನೂ ಕಾಣೂದಿಲ್ಲ ಅಕ್ಕಾರ."

"ಕೈ ಕಾಣ್ತಾವ್ರಿ. ನೇದ ಸೀರಿ ಮಡಚೂ ಕೈ ನಮಗ ಬೇಕಾಗ್ಯಾವ."

ಅವನು ತನ್ನ ಕೈಗಳನ್ನು ತಿರುಗಿಸಿ ನೋಡಿಕೊಂಡ. ಸೀರೆ ಮಡಚುವುದರಲ್ಲಿ ಆ ಬಜಾರಿನಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಅದು ಅವನಿಗೂ ಗೊತ್ತಿತ್ತು. ಸಹಿ ಹಾಕಿರೆಂದು ಹೆಡ್‌ಮಾಸ್ತರರಿಗೆ ಅಲ್ಲಿಂದಲೇ ಫೋನು ಹೋಯಿತು.

ಚಿತ್ರ ತೆಗೆಯುವ ದಿನ ಬೆಳಿಗ್ಗೆ ಬಾಳವ್ವ ಹೊಸ ಸೀರೆ ಉಟ್ಟು, ಹಣೆಗೆ ವಿಭೂತಿ ಬಳಿದು, ಮಗ್ಗದ ಮುಂದೆ ಕಂಬದಂತೆ ಕೂತಿದ್ದಳು. ಅಮೀನಬಿ ಗುಂಡಿ ಒತ್ತಿದಳು. ಬಾಳವ್ವ ಕದಲಲಿಲ್ಲ. ರೆಪ್ಪೆಯನ್ನೂ ಬಡಿಯಲಿಲ್ಲ. ಕೊನೆಗೆ ತುಟಿಯನ್ನಷ್ಟೇ ಆಡಿಸಿ, "ಫೋಟೋ ಬಿತ್ತೇನವಾ? ನನಗ ಕೆಲಸ ಅದಾವ" ಎಂದು ಎಳೆಗಳ ಕಡೆ ತಿರುಗಿದಳು. ಅಮೀನಬಿ ಕ್ಯಾಮೆರಾ ನಿಲ್ಲಿಸಿ ಅಳುವಂತಾದಳು. ಹನ್ನೊಂದು ಸೆಕೆಂಡು ಹೋಗಿತ್ತು. ಅಳಿಸುವಂತಿರಲಿಲ್ಲ.

"ಸುಮ್ಮನ ಹಿಂದ ತಿರುವಿ ತಗದ್ರ ಯಾರಿಗೆ ಗೊತ್ತಾಕ್ಕೈತ್ರಿ?" ಎಂದ ಯಾಕೂಬಸಾಬ, ದೂರ ನಿಂತು.

"ನಮಗ ಗೊತ್ತಾಕ್ಕೈತಿ" ಎಂದಳು ಗುರುಸಿದ್ದವ್ವ.

ಅವಳು ಟೇಪಿನ ಮುಂದೆ ಕೂತು ಕೊನೆಯ ಹನ್ನೆರಡು ಸೆಂಟಿಮೀಟರಿನ ಮೇಲೆ ಗೀಟು ಎಳೆದಳು. ಹೊಲಿಗೆ ಕೋಣೆ ಹೋಯಿತು. ಹುಡುಗಿಯರು ಬಾಯಿ ತೆರೆಯುವ ಮೊದಲೇ, "ಇದು ನನ್ನದು. ನಾನಽ ಕೊಟ್ಟೇನಿ. ಮುಂದಿಂದು ತಗೀರಿ, ಬಿಸಿಲು ಸರಿಯಾಕತ್ತೈತಿ" ಎಂದಳು.

ಬಾಗಲಕೋಟೆಯ ಸಭಾಂಗಣದಲ್ಲಿ ಹದಿನಾಲ್ಕು ಚಿತ್ರ ತೋರಿಸಿದರು. ಐದು ನಿಮಿಷಕ್ಕೆ ಗಂಟೆ ಬಾರಿಸಿ ದೀಪ ಹಾಕುತ್ತಿದ್ದರು. ಅದರಲ್ಲಿ ಒಂಬತ್ತು ನಡುವೆಯೇ ನಿಂತವು. ನಾಲ್ಕು ಇನ್ನೂ ಹಾರ ಹಾಕುತ್ತಿದ್ದವು. ಇಳಕಲ್ಲಿನದರಲ್ಲಿ ಬಾಳವ್ವ ಕಂಬದಂತೆ ಕೂತದ್ದು ಕಂಡು ಮಕ್ಕಳು ನಕ್ಕರು. "ಫೋಟೋ ಬಿತ್ತೇನವಾ" ಎಂದಾಗ ಇನ್ನೂ ಜೋರಾಗಿ ನಕ್ಕರು. ಆಮೇಲೆ ಬೆರಳುಗಳು ಎಳೆಗೆ ಎಳೆ ಹೊಸೆಯತೊಡಗಿದಾಗ ಮುಂದಕ್ಕೆ ಬಾಗಿ ನೋಡಿದರು. ನೀಲಪ್ಪನ ಕೈ ಸೀರೆಯನ್ನು ಮಡಚಿ ಪಕ್ಕಕ್ಕಿಟ್ಟಾಗ ಗಂಟೆಗೆ ಇನ್ನೂ ಎರಡು ಮೂರು ಸೆಕೆಂಡಿತ್ತು.

ಎರಡನೆಯ ಬಹುಮಾನ ಬಂತು. ಮೊದಲನೆಯದು ಬಾದಾಮಿಯ ಸಾಲಿಯೊಂದು ತೆಗೆದ ಮಂಗಗಳ ಚಿತ್ರಕ್ಕೆ. ಅದು ಇದಕ್ಕಿಂತ ಚೆನ್ನಾಗಿತ್ತು ಎಂದು ಗುರುಸಿದ್ದವ್ವ ಬಸ್ಸಿನಲ್ಲೇ ಹುಡುಗಿಯರಿಗೆ ಹೇಳಿದಳು. ಏಕೆ ಚೆನ್ನಾಗಿತ್ತು ಎಂಬುದನ್ನು ಅಮೀನಗಡ ದಾಟುವವರೆಗೆ ಬಿಡಿಸಿ ಹೇಳಿದಳು. ಪ್ರಮಾಣಪತ್ರದಲ್ಲಿ ಸುಮಾ ಮತ್ತು ಅಮೀನಬಿಯ ಹೆಸರು ಮಾತ್ರ ಇದ್ದವು. ಅದನ್ನು ಓದಿ ನೋಡಿ ಚೀಲಕ್ಕೆ ಹಾಕಿಕೊಂಡಳು.

ಜನವರಿಯಲ್ಲಿ ಗಣಿತದ ಮಾಸ್ತರರು ಬಾಗಿಲಿಗೆ ಬಂದರು. "ಅಕ್ಕಾರ, ಇವತ್ತೊಂದ ದಿನ..."

"ಇಲ್ರಿ. ಇವತ್ತು ತೋಳು ಹಚ್ಚೂದೈತಿ" ಎಂದಳು ಗುರುಸಿದ್ದವ್ವ, ಕತ್ತರಿಯಿಂದ ಕಣ್ಣೆತ್ತದೆ.

ಅವರು ತಿರುಗಿ ಹೋದರು. ಮರುವಾರ ಮತ್ತೆ ಬಂದರು, ಅದರ ಮರುವಾರ ಬರಲಿಲ್ಲ. ಆ ವರ್ಷ ಕಪಾಟಿನಲ್ಲಿ ತೋಳಿಲ್ಲದ ಜಂಪರು ಒಂದೂ ಉಳಿಯಲಿಲ್ಲ.