ಸೆಲ್ಬಿ ಮತ್ತು ದ್ವೀಪದ ಕೊನೆಯ ಮೇಕೆ

ಸೆಲ್ಬಿ ಎಸ್ಪಾರಾನ್‌ಗೆ ಕೋವಿಯ ಹುಚ್ಚೇನೂ ಇರಲಿಲ್ಲ. ಸೇಶೆಲ್ಸ್‌ನ ಮಾಹೆ ದ್ವೀಪದಲ್ಲಿ ಅವನ ಅಪ್ಪ ತೆಂಗಿನ ಮರ ಹತ್ತಿ ಕಳ್ಳು ಇಳಿಸುತ್ತಿದ್ದ. ಮಗ ಪೊಲೀಸ್ ಕೆಲಸಕ್ಕೆ ಸೇರಿ, ಗುರಿಯಲ್ಲಿ ಎಲ್ಲರನ್ನೂ ಮೀರಿಸಿ, ಮೇಲಧಿಕಾರಿಯ ಜೊತೆ ಜಗಳವಾಡಿ ಹೊರಬಿದ್ದ. ಆಗಲೇ ದೂರದ ಹವಳದ ದ್ವೀಪವೊಂದನ್ನು ಕಾಯುವವರು ಅವನನ್ನು ಕರೆದದ್ದು. ಆಮೆ ಉಳಿಸುವ ಕೆಲಸ ಅಂದರು. ಆಮೆ ಉಳಿಸುವುದಕ್ಕೆ ಕೋವಿ ಯಾಕಪ್ಪಾ ಎಂದು ತಾಯಿ ಅಲ್ವೀನಾ ನಕ್ಕಿದ್ದಳು.

ಹಿಂದೆ ಕೊಬ್ಬರಿ ಕೆಲಸಕ್ಕೆ ಬಂದವರು ಮಾಂಸಕ್ಕೆಂದು ಬಿಟ್ಟುಹೋದ ಮೇಕೆಗಳು ಅಲ್ಲಿ ಹಿಂಡುಹಿಂಡಾಗಿ ಬೆಳೆದಿದ್ದವು. ಪೊದೆಗಳನ್ನು ಬುಡದವರೆಗೂ ಬೋಳಿಸಿದ್ದವು. ಬಂಡೆಯಂಥ ಆಮೆಗಳು ಮಧ್ಯಾಹ್ನದ ಬಿಸಿಲಿಗೆ ನೆರಳು ಸಿಗದೆ ಚಿಪ್ಪಿನೊಳಗೇ ಬೆಂದು ಸಾಯುತ್ತಿದ್ದವು. ಬಂದ ಹೊಸದರಲ್ಲಿ ಸೆಲ್ಬಿ ಅಂಥದೊಂದು ಚಿಪ್ಪನ್ನು ಮಗುಚಿ ನೋಡಿ ವಾಂತಿ ಮಾಡಿಕೊಂಡ. ಮೊದಲ ಮೇಕೆಗೆ ಗುಂಡು ಹೊಡೆದ ದಿನ ಊಟ ಬಿಟ್ಟಿದ್ದ. ಆಮೇಲಾಮೇಲೆ ಎರಡೂ ನಿಂತುಹೋದವು.

ಸುಲಭದ ಮೇಕೆಗಳು ಮುಗಿದ ಮೇಲೆ ಉಳಿದವು ಜಾಣ ಮೇಕೆಗಳು. ಮನುಷ್ಯನ ವಾಸನೆ ಬಂದರೆ ಮುಳ್ಳುಕಾಡಿನಲ್ಲಿ ಮಾಯವಾಗುತ್ತಿದ್ದವು. ಅದಕ್ಕೇ ಒಂದು ಹೆಣ್ಣು ಮೇಕೆಯನ್ನು ಜೀವಂತ ಹಿಡಿದು, ಮರಿಯಾಗದಂತೆ ಮಾಡಿ, ಕೊರಳಿಗೆ ರೇಡಿಯೋ ಪಟ್ಟಿ ಕಟ್ಟಿ ಬಿಟ್ಟರು. ಮೇಕೆ ಒಂಟಿಯಾಗಿ ಇರಲಾರದು. ಅದು ತನ್ನವರನ್ನು ಹುಡುಕಿಕೊಂಡು ಹೋಗುತ್ತಿತ್ತು. ಸೆಲ್ಬಿ ಪಟ್ಟಿಯ ಸಂಕೇತ ಹಿಡಿದು ಅದರ ಹಿಂದೆ ಹೋಗುತ್ತಿದ್ದ. ಸುತ್ತಲಿದ್ದವನ್ನೆಲ್ಲ ಹೊಡೆದು ಅದೊಂದನ್ನು ಬಿಡುತ್ತಿದ್ದ. ಅದು ಸ್ವಲ್ಪ ಹೊತ್ತು ಸತ್ತವನ್ನು ಮೂಸಿ, ಮತ್ತೆ ಬೇರೆಯವರನ್ನು ಹುಡುಕಲು ಹೊರಡುತ್ತಿತ್ತು. ಅಡುಗೆಯ ಎಗ್ಬರ್ಟ್ ಅದಕ್ಕೆ ಮಾದಾಂ, ಅಂದರೆ ಅಮ್ಮಾವ್ರು, ಎಂದು ಹೆಸರಿಟ್ಟಿದ್ದ.

"ಏನಂತಾರೆ ನಿಮ್ಮ ಮಾದಾಂ? ಇವತ್ತು ಯಾರ ಮನೆಗೆ ಕರ್ಕೊಂಡು ಹೋದ್ರು?" ಎಂದು ದಿನವೂ ಕೇಳುತ್ತಿದ್ದ.

ಸೆಲ್ಬಿ ಮೊದಮೊದಲು ನಗುತ್ತಿದ್ದ.

ಮುಂಗಾರಿನ ಗಾಳಿ ಏಳುವ ಹೊತ್ತಿಗೆ ಮಾಹೆಯಿಂದ ತಂಗಿ ಲಿಂಡಿಯ ಫೋನ್ ಬಂತು.

"ಅಣ್ಣಾ, ಅಮ್ಮ ಹೋಗ್ಬಿಟ್ಳು ಕಣೋ."

"ಯಾವಾಗ?"

"ಬೆಳಿಗ್ಗೆ. ಮೀನು ಹಸನು ಮಾಡ್ತಾ ಕೂತಿದ್ಳು, ಹಂಗೇ ವಾಲ್ಬಿಟ್ಳು. ಬರೋಕಾಗತ್ತಾ?"

"ಈ ಗಾಳೀಲಿ ಯಾವ ಹಡಗು ಬರತ್ತೆ?"

ಆ ಕಡೆ ಅಳು ಕೇಳಿಸಿತು. ಈ ಕಡೆ ಸೆಲ್ಬಿ ಮೇಜಿನ ಮೇಲಿನ ಇರುವೆ ನೋಡುತ್ತಿದ್ದ.

"ಅಳೋ ಮಾರಾಯಾ. ಯಾಕೆ ಸುಮ್ನಿದ್ದೀಯಾ?"

"ಕೇಳಿಸ್ಕೊಳ್ತಾ ಇದ್ದೀನಿ."

ಎಗ್ಬರ್ಟ್ ಅನ್ನ, ಬೇಳೆ ಬಡಿಸಿ ತಟ್ಟೆಯ ಪಕ್ಕ ನಿಂತ. ಸೆಲ್ಬಿ ಊಟ ಮಾಡಿದ, ತಟ್ಟೆ ತೊಳೆದಿಟ್ಟ. ಮಾರನೆಯ ದಿನ ಮಾದಾಂ ಹಿಂದೆ ಹೋದ. ಅಲ್ಲಿ ಮಾಹೆಯಲ್ಲಿ ತಾಯಿಯ ಮೇಲೆ ಮಣ್ಣು ಬೀಳುವ ಹೊತ್ತಿಗೆ ಇವನು ಮುಳ್ಳುಪೊದೆಯ ಹಿಂದೆ ಮಲಗಿ ಒಂದು ಹೋತಕ್ಕೆ ಗುರಿಯಿಟ್ಟಿದ್ದ. ಗುರಿ ತಪ್ಪಲಿಲ್ಲ.

ಕೊನೆಗೆ ಮಾದಾಂ ಹುಡುಕಿದರೂ ಯಾರೂ ಸಿಗದ ಕಾಲ ಬಂತು. ಅದು ದ್ವೀಪವನ್ನೆಲ್ಲ ಸುತ್ತಿ, ಕೂಗಿ ಕೂಗಿ, ಕೊನೆಗೊಂದು ಸಂಜೆ ಇವರ ಬಿಡಾರಕ್ಕೇ ಬಂತು. ಅಲ್ಲಿಂದ ಸೆಲ್ಬಿಯ ಹಿಂದೆ ಹಿಂದೆಯೇ ಓಡಾಡತೊಡಗಿತು. ಅವನು ಬಟ್ಟೆ ಒಗೆಯುವಾಗ ಪಕ್ಕದಲ್ಲೇ ಮಲಗಿರುತ್ತಿತ್ತು.

ದ್ವೀಪ ಕಾಯುವವರ ಠಾಣೆಯ ಮುಖ್ಯಸ್ಥೆ ರೋಸ್‌ಮೇ ಬಂದು ನೋಡಿದಳು. "ಇದೂ ಹೋಗ್ಬೇಕು ಸೆಲ್ಬಿ."

"ಮರೀನೇ ಹಾಕಲ್ಲವಲ್ಲ ಮೇಡಂ, ಇದ್ರೆ ನಿಮ್ಮ ಗಂಟೇನು ಹೋಗತ್ತೆ?" ಎಗ್ಬರ್ಟ್ ರೇಗಿದ.

"ಇದೊಂದು ಇದ್ರೆ ಪಾಪ ಜೊತೆಗಿರಲಿ ಅಂತ ಇನ್ನೊಂದು ತರ್ತೀರಾ. ನಿಮ್ಮನ್ನ ನಾನು ನೋಡಿಲ್ವಾ?" ಎಂದು ಸೆಲ್ಬಿಯ ಕಡೆ ತಿರುಗಿ ದನಿ ತಗ್ಗಿಸಿದಳು. "ಬೇರೆಯವರಿಗೆ ಹೇಳ್ಲಾ?"

"ಬೇಡ. ಬೇರೆಯವರನ್ನ ಕಂಡ್ರೆ ಓಡತ್ತೆ."

ಅವನು ಅದನ್ನು ಕರೆದುಕೊಂಡು ಕಡಲಿನ ಕಡೆ ನಡೆದ. ಅದು ಹಿಂದೆಯೇ ಹೋಯಿತು. ಗುಂಡಿನ ಸದ್ದಿಗೆ ಎಗ್ಬರ್ಟ್ ಅಡುಗೆಮನೆಯಲ್ಲಿ ಶಿಲುಬೆಯ ಗುರುತು ಮಾಡಿಕೊಂಡ. ಸೆಲ್ಬಿ ಪಟ್ಟಿ ಬಿಚ್ಚಿ, ಉಪ್ಪುನೀರಿನಲ್ಲಿ ತೊಳೆದು, ಉಪಕರಣಗಳ ಕಪಾಟಿನಲ್ಲಿಟ್ಟು ಬಂದು ಚಹಾ ಕೇಳಿದ.

"ಏನೂ ಅನ್ನಿಸ್ಲಿಲ್ವೇನೋ?" ಎಗ್ಬರ್ಟ್ ಕೇಳಿದ.

"ಅನ್ನಿಸ್ಬೇಕಿತ್ತು," ಅಂದ ಸೆಲ್ಬಿ.

ಹಡಗು ಬಂದಾಗ ರಜೆಯ ಮೇಲೆ ಮಾಹೆಗೆ ಹೋದ. ಚರ್ಚಿನಲ್ಲಿ ತಾಯಿಯ ವರ್ಷದ ಪೂಜೆಯಾದ ಮೇಲೆ ಲಿಂಡಿ ನೆಂಟರಿಗೆಲ್ಲ ಮೇಕೆಯ ಸಾರು ಬಡಿಸಿದಳು. ಅಣ್ಣನ ಮುಂದೆ ಬಂದಾಗ ಸೌಟು ಹಿಡಿದ ಕೈ ನಿಂತಿತು.

"ನಿಂಗೆ ಅಂತ ಮೀನು ಮಾಡಿದ್ದೀನಿ."

"ಇದನ್ನೇ ಹಾಕು."

ಎರಡು ಸಲ ಹಾಕಿಸಿಕೊಂಡು ತಿಂದ. ಚೆನ್ನಾಗಿದೆ ಅಂದ. ಲಿಂಡಿ ಒಳಗೆ ಹೋಗಿ ಅತ್ತಳು. ಅಮ್ಮನಿಗಾಗಿಯೋ ಅಣ್ಣನಿಗಾಗಿಯೋ ಅವಳಿಗೇ ತಿಳಿಯಲಿಲ್ಲ. ಮಾಹೆಯಲ್ಲೇ ಇದ್ದುಬಿಡು, ಹೋಟೆಲಿನಲ್ಲಿ ಕಾವಲುಗಾರನ ಕೆಲಸ ಇದೆ ಎಂದು ಬೇಡಿಕೊಂಡಳು. ಅಂಥ ಕಡೆ ಜನರು ಏನಾದರೂ ಕೇಳುತ್ತಲೇ ಇರುತ್ತಾರೆ ಎಂದು ಹೇಳಿ ಅವನು ಹಡಗು ಹತ್ತಿದ.

ಈಗ ಕೋವಿ ಠಾಣೆಯಲ್ಲಿ ಬೀಗದೊಳಗಿದೆ. ಸೆಲ್ಬಿ ಆಮೆಗಳ ಚಿಪ್ಪು ಅಳೆಯುತ್ತಾನೆ, ದಡಕ್ಕೆ ಬಂದು ಬೀಳುವ ಹರಕು ಬಲೆ ಎಳೆದು ರಾಶಿ ಹಾಕುತ್ತಾನೆ. ಎರಡು ಮಳೆಗಾಲಕ್ಕೆ ಪೊದೆಗಳು ಎದೆಯೆತ್ತರ ಬಂದಿವೆ. ಅವುಗಳಡಿ ಆಮೆಗಳು ಒಂದಕ್ಕೊಂದು ಒತ್ತಿಕೊಂಡು ಮಲಗಿದ್ದನ್ನು ಮೊದಲು ಕಂಡ ದಿನ ರೋಸ್‌ಮೇ ಬಾಯಿಗೆ ಕೈ ಅಡ್ಡ ಹಿಡಿದು ಅತ್ತುಬಿಟ್ಟಳು. "ನೋಡು ಸೆಲ್ಬಿ, ನಿನ್ನಿಂದ ಆಗಿದ್ದು!"

ಅವನು ನೋಡಿದ. ಒಳ್ಳೆಯದೇ ಆಗಿದೆ ಎಂದು ಗೊತ್ತಿತ್ತು. ಗೊತ್ತಿತ್ತು, ಅಷ್ಟೇ. ಬಿಸಿಲು ಜೋರಾಗಿತ್ತು. ಅವನು ಬಗ್ಗಿ, ಎರಡು ಆಮೆಗಳ ನಡುವಿನ ತೆರವಿಗೆ ತೂರಿಕೊಂಡು, ಟೋಪಿಯನ್ನು ಮುಖದ ಮೇಲೆ ಎಳೆದುಕೊಂಡು ಮಲಗಿದ.